ಮೇಲಿನಿಂದ ಕಾಣುವ ಕೌದಿ

ನಮ್ಮ ಮನೆಗೆ ತುಪ್ಪ ಬರುತ್ತಿದ್ದುದು ಅಪ್ಪನನ್ನು ನೆಲದ ಮೇಲೆ ಉಳಿಸಿಕೊಳ್ಳುವುದಕ್ಕೆ. ವರ್ಷವೆಲ್ಲ ಸಾಸಿವೆ ಎಣ್ಣೆಯ ಒಗ್ಗರಣೆಯಲ್ಲೇ ಸಂಸಾರ ತೂಗಿಸುತ್ತಿದ್ದ ಅವ್ವ, ಬೇಸಿಗೆ ಮುಗಿಯುತ್ತ ಬಂದು ಗಂಗೆಯ ಆಚೆ ದಡದ ಮೇಲೆ ಮೊದಲ ಕಪ್ಪು ಮೋಡ ಕಂಡಿತೆಂದರೆ ಎಲ್ಲಿಂದಲೋ ಒಂದು ಗಡಿಗೆ ತುಪ್ಪ ತಂದಿಡುತ್ತಿದ್ದಳು. ಅದು ಅಪ್ಪನ ತಾಟಿಗೆ ಮಾತ್ರ. ನಾನು ಮಗ್ಗುಲಲ್ಲೇ ಕೂತು ಮೂಗರಳಿಸಿದರೂ ನನ್ನ ರೊಟ್ಟಿಗೆ ಒಂದು ಹನಿ ಬೀಳುತ್ತಿರಲಿಲ್ಲ. ಊರ ಕಡೆಯ ಯಾತ್ರಿಕರು ಕಾಶಿಯ ನಮ್ಮ ಮಠಕ್ಕೆ ಬರುವಾಗ ಕಟ್ಟಿಕೊಂಡು ಬಂದ ಜೋಳದ ಹಿಟ್ಟಿನ ರೊಟ್ಟಿ, ಅದರ ಮೇಲೆ ತುಪ್ಪ. ಶೇಂಗಾ ಹೋಳಿಗೆ, ಅದರ ಮೇಲೂ ತುಪ್ಪ. ಅಪ್ಪ ಕಡ್ಡಿಯಂಥ ಮನುಷ್ಯ. ಮಠಕ್ಕೆ ಬಂದವರಿಗೆ ಕೋಣೆ ತೋರಿಸುವುದು, ದಶಾಶ್ವಮೇಧ ಘಾಟಿಗೆ ಕರೆದುಕೊಂಡು ಹೋಗಿ ಸ್ನಾನ ಮಾಡಿಸಿ ತರುವುದು, ದಾರಿ ತಪ್ಪಿದ ಮುದುಕರನ್ನು ಹುಡುಕಿ ತರುವುದು ಅವನ ಕೆಲಸ. ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವವನ ಮೈಗೆ ತುಪ್ಪ ಹತ್ತುವುದಾದರೂ ಹೇಗೆ?

“ಸಾಕು ಬಿಡು, ಹೊಟ್ಟಿ ಒಡೀತೈತಿ.”

“ಒಡೀಲಿ. ಒಡದ ಹೊಟ್ಟಿ ಹೊಲೀಬಹುದು. ಮ್ಯಾಲಿಂದ ಬಿದ್ದ ಮನಶಾನ್ನ ಹೊಲ್ಯಾಕ ಬರೂದಿಲ್ಲ.”

ಅವ್ವನ ಈ ಮಾತಿಗೆ ಅಪ್ಪ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಹೊಲಿಯಲಾಗದ ಅಪ್ಪನನ್ನು ಕಣ್ಣ ಮುಂದೆ ತಂದುಕೊಂಡು ನಾನು ತಾಟು ಬಿಟ್ಟು ಎದ್ದದ್ದುಂಟು.

ಜಂಗಮವಾಡಿಯ ಒಂದು ಗಲ್ಲಿಯಲ್ಲಿ, ಎದುರುಬದುರು ಇಬ್ಬರು ಬಂದರೆ ಒಬ್ಬರು ಗೋಡೆಗೆ ಒರಗಬೇಕಾದಂಥ ಗಲ್ಲಿಯಲ್ಲಿ, ನಮ್ಮ ಬಾಡಿಗೆ ಮನೆ. ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ ಎರಡು ಕೋಣೆ, ಮೆಟ್ಟಿಲ ಸಂದಿಯಲ್ಲಿ ಒಲೆ, ತಲೆಯ ಮೇಲೆ ಛತ್ತು. ಊರಲ್ಲಿ ಮಾಳಿಗೆ ಅನ್ನುವುದನ್ನು ನಾವು ಇಲ್ಲಿ ಛತ್ತು ಎನ್ನಲು ಕಲಿತಿದ್ದೆವು. ಆ ಕೋಣೆಗಳಿಗೆ ಹಗಲೂ ಬೆಳಕಿಲ್ಲ, ಆದ್ದರಿಂದ ನಮ್ಮ ಬದುಕೆಲ್ಲ ಛತ್ತಿನ ಮೇಲೆ. ಬಟ್ಟೆ ಒಣಗುವುದು, ನನ್ನ ಓದು, ಜಗಳ, ಕೂದಲು ಬಾಚುವುದು, ಮಂಗಗಳನ್ನು ಓಡಿಸುವುದು ಎಲ್ಲ ಅಲ್ಲೇ. ನಮ್ಮ ಛತ್ತಿಗೂ ನಾವು ಚಾಚಿ ಎನ್ನುತ್ತಿದ್ದ ಪಕ್ಕದ ಮನೆಯಾಕೆಯ ಛತ್ತಿಗೂ ನಡುವೆ ಮೊಣಕಾಲೆತ್ತರದ ಗೋಡೆ ಮಾತ್ರ. ಚಾಚಿ ಆ ಕಡೆಯಿಂದ ಬೈದರೆ ಅವ್ವ ಈ ಕಡೆಯಿಂದ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಬೈಯುತ್ತಿದ್ದಳು. ಸಂಜೆಗೆ ಇಬ್ಬರೂ ಅದೇ ಗೋಡೆಯ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು.

ಒಳಕೋಣೆಯಲ್ಲಿ ಆಯಿಯ ಮಂಚ. ಆಯಿ ಎಂದರೆ ಅಪ್ಪನ ತಾಯಿ. ವಿಜಯಪುರದ ಕಡೆಯ ಹಳ್ಳಿಯಿಂದ ಕಾಶಿಯಲ್ಲಿ ಸಾಯಬೇಕೆಂದೇ ಬಂದವಳು, ಬಂದ ಮೇಲೆ ಸಾಯುವುದನ್ನು ಮರೆತೇಬಿಟ್ಟಿದ್ದಳು. ಬೆಳಿಗ್ಗೆ ಇಷ್ಟಲಿಂಗದ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, “ಇವತ್ತರ ಕರ್ಕೊಳ್ಳೋ ಶಿವನ” ಎಂದು ಗಟ್ಟಿಯಾಗಿ ಹೇಳಿ, ಆ ಮೇಲೆ “ಏ ಚಾ ಆತೇನಽ?” ಎನ್ನುವಳು. ಅವಳಿಗೆ ದಮ್ಮಿನ ಕಾಯಿಲೆಯಿತ್ತು. ಮಳೆಗಾಲದಲ್ಲಿ ಎದೆ ಗೊರಗೊರ ಅನ್ನುತ್ತಿತ್ತು. ಊರಿಂದ ಅವಳು ಹೊತ್ತು ತಂದದ್ದು ಒಂದೇ ಸಾಮಾನು, ಒಂದು ಕೌದಿ. ಸತ್ತ ತಾಯಿಯ ಇಳಕಲ್ ಸೀರೆ, ಗಂಡನ ರುಮಾಲು, ಮಕ್ಕಳ ಅಂಗಿ, ಎಲ್ಲವನ್ನೂ ತುಂಡು ಮಾಡಿ ಚೌಕ ಚೌಕವಾಗಿ ಕೂಡಿಸಿ ಹೊಲಿದದ್ದು. ಕೆಂಪು, ಹಳದಿ, ಹಸಿರು ಎಲ್ಲ ಒಂದಕ್ಕೊಂದು ಕಿರುಚಾಡುತ್ತಿದ್ದವು. ಬನಾರಸಿನವರ ಮನೆಗಳಲ್ಲಿ ರಜಾಯಿ ಇತ್ತು, ಕಂಬಳಿ ಇತ್ತು. ಇಂಥ ಕೌದಿ ಇಡೀ ಗಲ್ಲಿಯಲ್ಲಿ ನಮ್ಮದೊಂದೇ. ಸಾಲೆಯ ಗೆಳತಿಯರು ಬಂದಾಗ ನಾನು ಅದನ್ನು ಮಡಚಿ ಮಂಚದ ಕೆಳಗೆ ತುರುಕುತ್ತಿದ್ದೆ. ಅವರ ಜೊತೆ ಹಿಂದಿಯಲ್ಲಿ ಮಾತಾಡಿದರೆ ಆಯಿ, “ಹೊಟ್ಟಿಗಿ ಜ್ವಾಳ, ಬಾಯಾಗ ಹಿಂದಿ” ಎಂದು ಅಣಕಿಸುವಳು.

ಇನ್ನು ದಳದ ಮಾತು. ಈಗಿನವರಿಗೆ ಅದರ ಹೆಸರೂ ಗೊತ್ತಿಲ್ಲ. ನಾನು ತೀರ ಚಿಕ್ಕವಳಿದ್ದಾಗಿನ ಒಂದು ಮಹಾಪೂರದಲ್ಲಿ, ಆಚೆ ದಡದ ಮರಳಗುಂಟ ಇದ್ದ ಕೆಲವು ಗುಡಿಸಲುಗಳು ನೀರಿನ ನಡುವೆ ಸಿಕ್ಕಿಬಿದ್ದವು. ದೋಣಿಗಳು ಇದ್ದವು, ದೋಣಿಯವರೂ ಇದ್ದರು. ಆದರೆ ಅಲ್ಲಿ ಜನ ಇದ್ದಾರೆಂದು ಈ ಕಡೆ ಯಾರಿಗೂ ಕಾಣಲಿಲ್ಲ. ಕಂಡಾಗ ತಡವಾಗಿತ್ತು. ಆ ನೋವಿನಿಂದ ಹುಟ್ಟಿದ್ದು ದಳ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಧಾರವಾಡ ಕಡೆಯ ದೇಸಾಯಿ ಮಾಸ್ತರರಿಗೆ ವಿಮಾನ ಹಾರಿಸುವ ಹವ್ಯಾಸ. ಊರಾಚೆಯ ಹಾರಾಟದ ಕ್ಲಬ್ಬಿನಲ್ಲಿ ಇಬ್ಬರು ಕೂರುವ ಒಂದು ಹಳೆಯ ವಿಮಾನವಿತ್ತು. ಕಾಲೇಜಿನಲ್ಲಿ ಡ್ರಿಲ್ ಹೇಳಿಕೊಟ್ಟು ನಿವೃತ್ತರಾದ ಪಾಂಡೆಜಿ ಅಸ್ಸಿ ಘಾಟಿನ ದೋಣಿಯವರನ್ನು ಒಟ್ಟುಮಾಡಿದರು. ಮೇಲಿನಿಂದ ಒಬ್ಬ ನೋಡುವುದು, ವೈರ್‌ಲೆಸ್ಸಿನಲ್ಲಿ ಹೇಳುವುದು, ಅಸ್ಸಿಯಲ್ಲಿ ಪಾಂಡೆಜಿ ಕೇಳಿಸಿಕೊಂಡು ದೋಣಿ ಕಳಿಸುವುದು. ಇಷ್ಟೇ ದಳ. ಯಾರಿಗೂ ಸಂಬಳವಿಲ್ಲ, ಸಮವಸ್ತ್ರವಿಲ್ಲ. ಜನ ಛತ್ತಿನ ಮೇಲೆ ಬಟ್ಟೆ ಹಾಸಬೇಕು: ಬಿಳಿ ಹಾಸಿದರೆ ಅನ್ನ ನೀರು ಬೇಕು ಎಂದು, ಬಣ್ಣದ್ದು ಹಾಸಿದರೆ ಜೀವಕ್ಕೆ ಅಪಾಯ ಎಂದು. ದೂರದಿಂದ ಕಾಣಲಿ ಎಂದು ಮೊದಲ ವರ್ಷ ಆರಿಸಿದ ಬಣ್ಣ ಕಾವಿ. ಮಾಸ್ತರರು ಮೇಲೆ ಹೋಗಿ ನೋಡುತ್ತಾರೆ, ಆಶ್ರಮ ಆಶ್ರಮದ ಛತ್ತಿನ ಮೇಲೂ ಸಂನ್ಯಾಸಿಗಳ ಬಟ್ಟೆ ಒಣಗುತ್ತಿದೆ, ಅರ್ಧ ಕಾಶಿ ಸಾಯಲು ಬಿದ್ದಂತೆ! ದೋಣಿಯವರು ಒಂದು ಮಠಕ್ಕೆ ಹುಟ್ಟು ಹಾಕಿಕೊಂಡು ಹೋದರೆ ಸ್ವಾಮಿಗಳು ಪಗಡೆ ಆಡುತ್ತಿದ್ದರಂತೆ. ಮರು ವರ್ಷದಿಂದ ಢಾಳು ಗುಲಾಬಿ ಬಂತು. ಆ ಬಟ್ಟೆಗಳ ಅಂಚು ಹೊಲಿಯುತ್ತಿದ್ದವಳು ನಮ್ಮವ್ವ. ಒಂದು ಕೈಯಲ್ಲಿ ದಳಕ್ಕೆ ಹೊಲಿಗೆ, ಇನ್ನೊಂದು ಕೈಯಲ್ಲಿ ದಳದಿಂದ ಗಂಡನನ್ನು ಬಿಡಿಸುವ ತುಪ್ಪ.

ದಳದ ಇನ್ನೊಂದು ಕಟ್ಟುಪಾಡು ಕ್ರಮದ್ದು. ಮೇಲಿನವನು ಗುಲಾಬಿ ಬಟ್ಟೆಗಳನ್ನು ಕಂಡ ಕ್ರಮದಲ್ಲೇ ಹೇಳಬೇಕು, ದೋಣಿ ಆ ಕ್ರಮದಲ್ಲೇ ಹೋಗಬೇಕು. ಮೊದಲಿಗೆ ಮೇಲೆ ಹೋದ ಒಬ್ಬಾತ ತನ್ನ ಬೀಗರ ಮನೆಯನ್ನು ಮುಂದೆ ಹೇಳಿದ್ದರಿಂದ ಬೇರೆ ಒಂದು ಮನೆ ಕಾಯುತ್ತ ಉಳಿದಿತ್ತಂತೆ. ಆ ಮನೆಗೆ ಏನಾಯಿತೆಂದು ಅಪ್ಪ ನಮಗೆ ಯಾವತ್ತೂ ಹೇಳಲಿಲ್ಲ. ಕೇಳಿದರೆ ಶಿವದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂರುತ್ತಿದ್ದ. ನಮಗೆ ಹೇಳಿದ್ದು ಒಂದೇ: ದಳದವರ ಮನೆಯ ಬಟ್ಟೆಗೂ ಪಾಳಿ ಪಾಳಿಯೇ.

ಮೇಲೆ ಹೋಗುವುದಕ್ಕೆ ಅಪ್ಪನನ್ನು ಆರಿಸಿದ್ದು ಅವನ ಧೈರ್ಯಕ್ಕಲ್ಲ, ತೂಕಕ್ಕೆ. ಮಾಸ್ತರರು ಸ್ವತಃ ದಪ್ಪ, ವೈರ್‌ಲೆಸ್ಸಿನ ಡಬ್ಬಿ ಭಾರ, ವಿಮಾನ ಮುದಿ. ಉಳಿದಷ್ಟರಲ್ಲಿ ಒಬ್ಬ ತೆಳ್ಳನೆಯ ಮನುಷ್ಯನಿಗಷ್ಟೇ ಅವಕಾಶ. ಪ್ರತಿ ಮಳೆಗಾಲದ ಮುಂಚೆ ಮಠದ ಉಗ್ರಾಣದ ದೊಡ್ಡ ತಕ್ಕಡಿಯಲ್ಲಿ ತೂಕವಾಗುತ್ತಿತ್ತು. ಒಂದು ಪರಡಿಯಲ್ಲಿ ಮಾಸ್ತರರು ಗೊತ್ತುಮಾಡಿದಷ್ಟು ಅಕ್ಕಿಯ ಚೀಲ, ಇನ್ನೊಂದರಲ್ಲಿ ಕಾಲು ಮಡಚಿ ಕೂತ ಅಪ್ಪ. ಅಪ್ಪನ ಪರಡಿ ನೆಲ ಮುಟ್ಟಿದರೆ ಬೇರೆಯವನನ್ನು ಹುಡುಕಬೇಕು. ನಾನು, ಅವ್ವ, ಆಯಿ ಬಾಗಿಲಲ್ಲಿ ನಿಲ್ಲುತ್ತಿದ್ದೆವು. ಅವ್ವನ ತುಟಿ ಅಲ್ಲಾಡುತ್ತಿತ್ತು. ಪರಡಿ ಸ್ವಲ್ಪ ಇಳಿದಂತೆ ಮಾಡಿ, ತೂಗಾಡಿ, ಮೆಲ್ಲಗೆ ಮೇಲೇಳುತ್ತಿತ್ತು.

“ಅಡ್ಡಿ ಇಲ್ಲ ಶಿವಪ್ಪ, ಇನ್ನೂ ಒಂದು ರೊಟ್ಟಿಗೆ ಜಾಗಾ ಅದ!” ಎನ್ನುವರು ದೇಸಾಯಿ ಮಾಸ್ತರರು.

“ತುಲಾಭಾರ ಮಾಡ್ಸಿದ್ರ ದೇವ್ರಿಗೆ ಲುಕ್ಸಾನ ಬಿಡ್ರಿ ಇವನಿಂದ” ಎನ್ನುವಳು ಆಯಿ.

ಎಲ್ಲರೂ ನಗುತ್ತಿದ್ದರು. ಅವ್ವ ಮನೆಗೆ ಬಂದು ತುಪ್ಪದ ಗಡಿಗೆಯನ್ನು ದಡ್ಡನೆ ಇಡುತ್ತಿದ್ದಳು.

ಅಪ್ಪ ಮೇಲಿದ್ದ ದಿನ ಮನೆಯಲ್ಲಿ ಗಟ್ಟಿ ಮಾತಿಲ್ಲ. ಅವ್ವ ಒಲೆ ಹಚ್ಚಿ, ಹಂಚು ಇಟ್ಟು, ಹಿಟ್ಟಿಗೆ ಎಸರು ಹಾಕದೆ ಕೂರುವಳು. ವಾಪಸು ಬರುವಾಗ ಮಾಸ್ತರರು ವಿಮಾನವನ್ನು ನಮ್ಮ ಗಲ್ಲಿಯ ಮೇಲೆ ತಂದು ಒಂದು ರೆಕ್ಕೆ ಬಾಗಿಸುತ್ತಿದ್ದರು. ಆ ಸದ್ದು ತಲೆಯ ಮೇಲೆ ದಾಟಿದ ಮೇಲೇ ಅವ್ವನ ಕೈ ಹಿಟ್ಟಿಗೆ ಹೋಗುತ್ತಿದ್ದುದು. ಅದರ ಇಂಜಿನ್ನು ಹೊಲಿಗೆ ಯಂತ್ರದ ಹಾಗೆ ತಡವರಿಸಿ ತಡವರಿಸಿ ಓಡುತ್ತಿತ್ತು. ನಡುವೆ ಒಂದು ಕ್ಷಣ ಸದ್ದು ನಿಂತರೆ ನಾನೂ ಓದುತ್ತಿದ್ದ ಸಾಲಿನಲ್ಲೇ ನಿಲ್ಲುತ್ತಿದ್ದೆ. ನಾನು ಪಾಠ ಕಲಿತದ್ದು ಹೀಗೆ: ಕಣ್ಣು ಪುಸ್ತಕದಲ್ಲಿ, ಕಿವಿ ಆಕಾಶದಲ್ಲಿ. ಇವತ್ತಿಗೂ ನನಗೆ ಓದುವಾಗ ಮೌನ ಸೇರುವುದಿಲ್ಲ. ಎಲ್ಲೋ ಏನೋ ನಿಂತುಹೋಗಿದೆ ಅನಿಸುತ್ತದೆ.

ಆ ವರ್ಷ ಗಂಗೆ ಮೆಟ್ಟಿಲುಗಳನ್ನೆಲ್ಲ ನುಂಗಿ, ಚರಂಡಿಗಳ ಬಾಯಿಂದ ಹಿಮ್ಮುಖವಾಗಿ ಗಲ್ಲಿಗೆ ನುಗ್ಗಿದಳು. ನಮ್ಮ ಕಟ್ಟಡದ ಕೆಳಗಿನ ಅಂತಸ್ತು ಮುಳುಗಿತು. ಬೆಳಿಗ್ಗೆ ದಳದ ದೋಣಿ ಮೆಟ್ಟಿಲ ಬುಡಕ್ಕೇ ಬಂದು ಅಪ್ಪನನ್ನು ಹತ್ತಿಸಿಕೊಂಡಿತು. ಆಯಿ ಮಂಚದಿಂದಲೇ, “ಮ್ಯಾಲ ಶಿವ ಕಂಡ್ರ ಕೇಳು, ನನ್ನ ಚೀಟಿ ಎಲ್ಲಿ ಕಳಕೊಂಡಾನಂತ” ಎಂದು ಕೂಗಿ ಹೇಳಿ ಕೆಮ್ಮಿದಳು. ಅಪ್ಪ ಹೋಗಿ ಸ್ವಲ್ಪ ಹೊತ್ತಿಗೆ ಆ ಕೆಮ್ಮು ನಿಲ್ಲದಾಯಿತು. ಥಂಡಿ ಗೋಡೆಗಳ ನಡುವೆ ಅವಳಿಗೆ ಗಾಳಿ ಸಾಲದು. ತುಟಿ ನೀಲಿಗಟ್ಟಿದ್ದು ಕಂಡು ಅವ್ವ ಅವಳನ್ನು ಬೆನ್ನಿಗೆ ಹಾಕಿಕೊಂಡು ಛತ್ತಿಗೆ ಹತ್ತಿಸಿದಳು. ನಾನು ಚಾಪೆ, ಕೌದಿ ಹೊತ್ತು ಹಿಂದೆ ಹೋದೆ. ಮಳೆ ನಿಂತಿತ್ತು. ಆಯಿ ಗೋಡೆಗೆ ಒರಗಿ, ಬಾಯಿ ತೆರೆದು, ಗಾಳಿಯನ್ನು ಕಚ್ಚಿ ಕಚ್ಚಿ ಎಳೆಯುತ್ತಿದ್ದಳು. ದಿನಾ ಸಾವನ್ನು ಕರೆಯುತ್ತಿದ್ದವಳು ಅವ್ವನ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಂದದ್ದು ಇಷ್ಟು:

“ನನ್ನ ಬಿಡಬ್ಯಾಡ ನಮ್ಮವ್ವ. ಇನ್ನೂ ಬ್ಯಾಡ ನನಗ.”

ಟ್ರಂಕಿನಲ್ಲಿ ಗುಲಾಬಿ ಬಟ್ಟೆಗಳಿದ್ದವು, ಅವ್ವನೇ ಅಂಚು ಕಟ್ಟಿದವು. ಒಂದನ್ನು ಎಳೆದು ತಂದು ಅವ್ವ ಹಾಸಲು ಬಾಗಿದವಳು ಹಾಗೇ ನಿಂತಳು. ನನಗೆ ಅವಳ ಮುಖ ಈಗಲೂ ಕಾಣುತ್ತದೆ. ಮೇಲಿರುವವನು ಅಪ್ಪ. ತನ್ನ ಛತ್ತಿನ ಮೇಲೆ ಆ ಬಣ್ಣ ಕಂಡರೆ ಅವನ ಎದೆ ಏನಾದೀತು? ಅವನು ಕಟ್ಟು ಮುರಿದು ಮನೆಯನ್ನೇ ಮುಂದೆ ಹೇಳಿದರೆ ಬೇರೆ ಯಾವ ಮನೆ ಕಾಯಬೇಕಾದೀತು? ಅವ್ವ ಗೋಡೆಯಾಚೆ ನೋಡಿದಳು. ಚಾಚಿ ತನ್ನ ಒದ್ದೆ ಗೋಧಿಯನ್ನು ಹರವುತ್ತ ನಿಂತಿದ್ದಳು. ಅವ್ವ ಬಟ್ಟೆ ತೋರಿಸಿ, ಚಾಚಿಯ ಛತ್ತು ತೋರಿಸಿದಳು.

“ಅರೇ ಬಿಛಾ ದೋ ಬಹೂ! ಪೂಛ್ ಕ್ಯಾ ರಹೀ ಹೋ?” ಹಾಸಿಬಿಡು, ಕೇಳುವುದೇನು ಎಂದು ಚಾಚಿ ತಾನೇ ಬಟ್ಟೆ ಕಿತ್ತುಕೊಂಡು ಗೋಧಿಯ ಮೇಲೇ ಹಾಸಿಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಹಿಂದಿಯಲ್ಲೇ ಹೇಳಿದಳು, ಕಾಯಿಲೆ ನಿನ್ನ ಆಯಿಗೆ, ಹೆಸರು ಕೆಡುವುದು ನನ್ನ ಛತ್ತಿಗೆ, ಇರಲಿ ಬಿಡು ಎಂದು.

ಆಯಿಯನ್ನು ಗೋಡೆ ದಾಟಿಸಿ ಆ ಬಟ್ಟೆಯ ಪಕ್ಕ ಮಲಗಿಸಿದೆವು. ನಡುಗುತ್ತಿದ್ದಳು. ಅವ್ವ ಕೌದಿ ಹೊದಿಸಿದಳು. ಅಪ್ಪನಿಂದ ಮನೆಯನ್ನೇ ಬಚ್ಚಿಟ್ಟ ನಮ್ಮವ್ವನಿಗೆ ಆ ಕೌದಿಯನ್ನು ಬಚ್ಚಿಡಬೇಕೆಂದು ಹೊಳೆಯಲಿಲ್ಲ. ದಿನಾ ಕಣ್ಣಿಗೆ ಬೀಳುವ ವಸ್ತು ಯಾರಿಗೆ ಕಾಣುತ್ತದೆ?

ವಿಮಾನ ಬಂತು. ಮೋಡದ ಹೊಟ್ಟೆಯ ಕೆಳಗೇ, ಮನೆಗಳ ನೆತ್ತಿ ಸವರಿಕೊಂಡು ಬಂತು. ನಮ್ಮ ಮೇಲೆ ದಾಟುವಾಗ ರೆಕ್ಕೆ ಬಾಗಿಸಲಿಲ್ಲ. ಒಂದು ಸುತ್ತು ಹೆಚ್ಚು ಹಾಕಿತೇ? ಅವ್ವ ಹಾಕಿತು ಅನ್ನುತ್ತಿದ್ದಳು, ಚಾಚಿ ಇಲ್ಲ ಅನ್ನುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಸದ್ದು ರಾಜಘಾಟಿನ ಕಡೆ ಕರಗಿತು.

ಆಮೇಲೆ ಕಾಯುವುದು. ಅವ್ವ ಆಯಿಯ ಬೆನ್ನು ನೀವುತ್ತಿದ್ದಳು, ಚಾಚಿ ಎಣ್ಣೆ ಬಿಸಿ ಮಾಡಿ ತಂದಳು, ನಾನು ಗೋಡೆಯಿಂದ ಬಗ್ಗಿ ಗಲ್ಲಿಯ ನೀರು ನೋಡುತ್ತಿದ್ದೆ. ಚಪ್ಪಲಿ, ಚೆಂಡುಹೂವಿನ ಹಾರ, ಯಾರದೋ ಹಾಸಿಗೆ ತೇಲಿ ಹೋದವು. ಗಲ್ಲಿಯ ತಿರುವಿನಲ್ಲಿ ದಳದ ದೋಣಿ ಕಂಡಿತು. “ಬಂತು!” ಎಂದು ನಾನು ಕೂಗಿದೆ. ದೋಣಿ ತಿರುಗಲಿಲ್ಲ. ನೆಟ್ಟಗೆ ಮುಂದೆ ಹೋಯಿತು. ಚಾಚಿ ಕೆಳಗೆ ಕೇಳುವಂತೆ ದೋಣಿಯವನ ಏಳು ತಲೆಮಾರನ್ನೂ ಎತ್ತಿ ಬೈದಳು. ಅವನು ಹುಟ್ಟು ಹಾಕುತ್ತಲೇ ಕತ್ತೆತ್ತಿ ಕೂಗಿದ:

“ನಂಬರ್ ಸೇ ಆಯೇಂಗೇ, ಮಾಈ! ನಂಬರ್ ಸೇ!”

ಪಾಳಿಯಂತೆ ಬರುತ್ತೇವೆ ಎಂದು. ಅವ್ವ ಆ ಮಾತು ಕೇಳಿ ಮೊದಲು ಉಸಿರು ಬಿಟ್ಟಳು: ಹಾಗಾದರೆ ಅವರಿಗೆ ನಾವೆಂದು ಗೊತ್ತಾಗಿಲ್ಲ. ಮರುಗಳಿಗೆ ಆಯಿಯ ಮುಖ ನೋಡಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅದೇ ದೋಣಿ ಒಬ್ಬ ಬಸುರಿಯನ್ನು ಕೂರಿಸಿಕೊಂಡು ತಿರುವಿನಲ್ಲಿ ಮತ್ತೆ ದಾಟಿತು. ಆಯಿಯ ಎದೆ ಏರಿಳಿಯುವುದನ್ನೇ ನೋಡುತ್ತ, ಅದು ಇಳಿದಾಗಲೆಲ್ಲ ಇನ್ನು ಏರುವುದಿಲ್ಲ ಎಂದುಕೊಳ್ಳುತ್ತ ನಾನು ಕೂತಿದ್ದೆ. ನಮ್ಮ ಪಾಳಿ ಬಂದಾಗ ಬಿಸಿಲು ಇಳಿಯುತ್ತಿತ್ತು.

ದೋಣಿಯಲ್ಲಿ ಒಣ ರಸ್ತೆಯವರೆಗೆ, ಅಲ್ಲಿಂದ ಸೈಕಲ್ ರಿಕ್ಷಾದಲ್ಲಿ ಆಸ್ಪತ್ರೆಗೆ. ಆಯಿ ಕೌದಿಯೊಳಗೆ ಗಂಟಿನಂತೆ ಅವ್ವನ ತೊಡೆಯ ಮೇಲಿದ್ದಳು. ಆಸ್ಪತ್ರೆಯ ಗೇಟಿನಲ್ಲಿ ಒಬ್ಬ ತೆಳ್ಳನೆಯ ಮನುಷ್ಯ ಗಾಲಿ ಕುರ್ಚಿ ಹಿಡಿದು ನಿಂತಿದ್ದ. ಅಪ್ಪ. ಕೆಳಗಿಳಿದ ಮೇಲೆ ಅವನು ಯಾವಾಗಲೂ ಹೋಗುತ್ತಿದ್ದುದು ಅಸ್ಸಿಗೆ, ದೋಣಿಗಳ ಹತ್ತಿರ. ನಾವು ಯಾರೂ ಅವನಿಗೆ ಹೇಳಿ ಕಳಿಸಿರಲಿಲ್ಲ. ಪಾಂಡೆಜಿಗೆ ಗೊತ್ತಿದ್ದದ್ದು ಚಾಚಿಯ ಛತ್ತು ಅಷ್ಟೇ. ಅಪ್ಪ ಆಯಿಯನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ಕೌದಿಯನ್ನು ಅವಳ ಗದ್ದದವರೆಗೆ ಎಳೆದ.

ಆಯಿ ಉಳಿದಳು. ನೀರು ಇಳಿದ ಮೇಲೆ, ಮೆಟ್ಟಿಲ ಕೆಸರು ಬಳಿಯುತ್ತ ಅವ್ವ ಕೇಳಿದಳು. ತಲೆ ಎತ್ತಲಿಲ್ಲ.

“ಕೌದಿ ಕಂಡಿತ್ತು ನಿಮಗ.”

ಅಪ್ಪ ನೀರು ಹಾಕುತ್ತಿದ್ದ.

“ಕಂಡಿತ್ತು. ಕಂಡೂ ಹಡದ ತಾಯೀನ್ನ ಪಾಳಿಗಿ ನಿಲ್ಲಿಸಿದ್ರಿ. ಅಕಿ ಅಲ್ಲೇ ಹ್ವಾದ್ರ ಏನ್ ಮಾಡ್ತಿದ್ರಿ?”

“ಮೊದ್ಲ ಕಂಡ ಛತ್ತಿನ ಮ್ಯಾಲೂ ಯಾರದೋ ತಾಯಿ ಇದ್ಲು” ಎಂದ ಅಪ್ಪ. ಕೊಡ ಅಲ್ಲೇ ಇಟ್ಟು, ಮೆಟ್ಟಿಲ ಮೇಲೆ ಕೂತು, ಮೊಣಕಾಲ ನಡುವೆ ತಲೆ ಹಾಕಿಕೊಂಡ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವ್ವ ಕಸಬರಿಗೆ ಬಿಟ್ಟು ಅವನ ಪಕ್ಕ ಕೂತಳು.

ಆಯಿ ಕೇಳಿದ್ದು ಬೇರೆ ದಿನ, ಊಟದ ಹೊತ್ತಿಗೆ, ಎಲ್ಲರ ಎದುರಿಗೆ.

“ಏ ಶಿವ್ಯಾ, ಅವತ್ತ ಮ್ಯಾಲಿಂದ ನಾ ಕಂಡೆನೇನೋ?”

ಅಪ್ಪ ರೊಟ್ಟಿ ಮುರಿಯುತ್ತ ಅಂದ, “ಇಲ್ಲಬೇ. ಮೋಡ ಇತ್ತು.”

“ಹೌದೇನ? ಮೋಡ?” ಆಯಿ ಅವನನ್ನೇ ಬಹಳ ಹೊತ್ತು ನೋಡಿದಳು. “ಇರ್ತೈತಿ ಬಿಡು, ಮಳಿಗಾಲ.”

ನಾನು ನಮ್ಮ ಮನೆತನದಲ್ಲಿ ಮೊದಲ ಪದವೀಧರೆ. ಈ ಮಾತನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ಕಾಲೇಜಿಗೆ ಅರ್ಜಿ ಹಾಕಿದ ವರ್ಷ ಆಯ್ಕೆಯ ಪಟ್ಟಿಯಲ್ಲಿ ನನ್ನ ಹೆಸರು ಸ್ವಲ್ಪದರಲ್ಲೇ ತಪ್ಪಿಹೋಯಿತು. ದೇಸಾಯಿ ಮಾಸ್ತರರು, ಕಾಲೇಜಿನವರಿಗೆ ಒಂದು ಮಾತು ಹೇಳಿ ನೋಡಲೇ ಎಂದರು. ಅಪ್ಪ ಬೇಡವೆಂದ. “ಅಕಿ ಪಾಳಿ ಬಂದಾಗ ಬರ್ತೈತ್ರಿ.” ನಾನು ಅವನ ಮೇಲೆ ಹರಿಹಾಯ್ದೆ; ಅವತ್ತು ಆಯಿ, ಇವತ್ತು ನಾನು, ಮನೆಯವರನ್ನೆಲ್ಲ ಸಾಲಿನ ಕೊನೆಗೇ ನಿಲ್ಲಿಸುತ್ತೀ ಎಂದೆ. ಒಂದು ವರ್ಷ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದು, ಮತ್ತೆ ಪರೀಕ್ಷೆ ಬರೆದು, ನನ್ನ ಅಂಕದಿಂದಲೇ ಸೇರಿದೆ. ಆ ಒಂದು ವರ್ಷ ನನಗೆ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆಮೇಲೆ ಎಷ್ಟು ದೊಡ್ಡವರ ಎದುರು ಕೂತರೂ ಇದು ಯಾರ ಜಾಗ ಎಂಬ ಅಳುಕು ನನಗೆ ಬರಲಿಲ್ಲ. ಹಾರಾಟದ ಕ್ಲಬ್ಬು ಮುಚ್ಚಿತು, ಆ ವಿಮಾನ ಕಳಚಿಹೋಯಿತು, ರಬ್ಬರಿನ ದೋಣಿಗಳ ಸರ್ಕಾರಿ ಪಡೆ ಬಂದ ಮೇಲೆ ದಳವೂ ತಾನಾಗಿ ಕರಗಿತು. ಈಗ ಮಹಾಪೂರ ಬಂದರೆ ಡ್ರೋನ್ ಹಾರಿಸುತ್ತಾರೆ. ಅದನ್ನು ಯಾವ ತಕ್ಕಡಿಯಲ್ಲೂ ತೂಗಬೇಕಿಲ್ಲ, ಅದಕ್ಕೆ ಗುರುತಿನ ಕೌದಿಯೂ ಇಲ್ಲ. ಒಳ್ಳೆಯದೇ ಆಯಿತು. ಯಾವ ಮನೆಯಲ್ಲೂ ಹಂಚು ಬರಿದೇ ಕಾಯುವುದಿಲ್ಲ.

ಆದರೆ ದಳ ಕರಗುವ ಮುಂಚೆ, ಆಯಿ ಬದುಕಿ ಬಂದ ಮರು ವರ್ಷ, ಮಳೆಗಾಲ ಮತ್ತೆ ಬಂತು. ಅವ್ವ ಎಂದಿನಂತೆ ತುಪ್ಪದ ಗಡಿಗೆ ತಂದಳು. ಅಪ್ಪನ ರೊಟ್ಟಿಯ ಮೇಲೆ ಸುರಿಯಲು ಬಾಗಿದಾಗ ಆಯಿ ಮಂಚದಿಂದ ಕೈ ಚಾಚಿ ಗಡಿಗೆಯ ಬಾಯಿ ಮುಚ್ಚಿದಳು.

“ಅಂವಗ ಬ್ಯಾಡ. ಅಂವ ಹಗುರ ಇರ್ಲಿ. ಹುಡುಗೀಗಿ ಹಾಕು.”

ಅವ್ವ ಅತ್ತೆಯ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಗಡಿಗೆ ಮೂಲೆಗೆ ಹೋಯಿತು. ಉಗ್ರಾಣದಲ್ಲಿ ಪರಡಿ ಆ ವರ್ಷ ತೂಗಾಡದೆ ಒಮ್ಮೆಗೇ ಮೇಲೆದ್ದಿತು. ನದಿ ಏರಿದ ಮೊದಲ ದಿನ ಅಪ್ಪ ಹೊರಟ ಮೇಲೆ, ಆಯಿ ಗೋಡೆ ಹಿಡಿದು ಹಿಡಿದು ತಾನೇ ಛತ್ತಿಗೆ ಹತ್ತಿದಳು, ಕಂಕುಳಲ್ಲಿ ಕೌದಿ. ಈ ಸಲ ನಮ್ಮ ಛತ್ತಿನ ಮೇಲೇ ಅದನ್ನು ಅಗಲಕ್ಕೆ ಬಿಡಿಸಿ ಹಾಸಿ, ಗಾಳಿಗೆ ಹಾರದಂತೆ ಮೂಲೆಗೊಂದು ಇಟ್ಟಿಗೆ ಇಟ್ಟಳು. ಚಾಚಿ ಆ ಕಡೆಯಿಂದ ಏನು ನಡೆದಿದೆ ಎಂದು ಕೇಳಿದಳು.

“ಮನ್ಯಾಗ ಎಲ್ಲಾರೂ ಆರಾಮ ಅದೀವಿ ಅಂತ” ಎಂದಳು ಆಯಿ, ಚಾಚಿಗೆ ತಿಳಿಯದ ಕನ್ನಡದಲ್ಲೇ. ಆಮೇಲೆ ಆಕಾಶದ ಕಡೆ ಒಮ್ಮೆ ನೋಡಿ, ತನಗೆ ತಾನೇ ಹೇಳಿಕೊಂಡಳು: “ಮೋಡ ಇದ್ರೂ ಕಾಣ್ಲಿ.”

ಅವ್ವ ಹಿಂದಿನ ದಿನದ ರೊಟ್ಟಿಯೊಂದನ್ನು ಬಿಸಿ ಮಾಡಿ, ಗಡಿಗೆಗೆ ಕೈ ಹಾಕಿ, ಧಾರಾಳವಾಗಿ ತುಪ್ಪ ಸವರಿ ನನ್ನ ಕೈಗೆ ಕೊಟ್ಟಳು. ಎಷ್ಟೋ ಮಳೆಗಾಲ ಆಸೆಪಟ್ಟ ತುಪ್ಪ. ನಾನು ಒಂದು ತುತ್ತು ಮುರಿದು ಬಾಯಿಗೆ ಇಟ್ಟುಕೊಂಡೆ. ರಾಜಘಾಟಿನ ಕಡೆಯಿಂದ ಆ ತಡವರಿಸುವ ಇಂಜಿನ್ನಿನ ಸದ್ದು ಎದ್ದು, ಹತ್ತಿರ ಬಂದು, ನಮ್ಮ ನೆತ್ತಿಯ ಮೇಲೆ ರೆಕ್ಕೆ ಬಾಗುವವರೆಗೂ ಅದನ್ನು ನುಂಗದೆ ಬಾಯಲ್ಲಿಟ್ಟುಕೊಂಡು ನಿಂತಿದ್ದೆ.